ಮುಚ್ಚಿಟ್ಟ ಮೂರನೇ ಕಾಲಂ

ಆಗಸ್ಟ್ 4, ಸೋಮವಾರ. ಸ್ಟಾಫ್ ರೂಮ್, ಬೆಳಗ್ಗೆ 8:10

ಪ್ರೊಜೆಕ್ಟರ್ ಮತ್ತೆ ನೀಲಿ ಪರದೆ ತೋರಿಸಿ ಮುನಿಸಿಕೊಂಡು ಕೂತಿದೆ. ಪ್ಲಗ್ ಸರ್‌ಗೆ ಹೇಳಿ ಕಳಿಸಿದೆ. ಲ್ಯಾಬ್ ನೋಡಿಕೊಳ್ಳುವವರು, ಯಾವ ಕಾಯಿಲೆಗೂ ಅವರದು ಒಂದೇ ಮದ್ದು — "ಪ್ಲಗ್ ತೆಗೆದು ಹಾಕಿ ಮಿಸ್." ಬಂದರು. ತೆಗೆದರು. ಹಾಕಿದರು. ಸರಿಯಾಯಿತು. ಈ ಮನುಷ್ಯನ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ.

ಬ್ಲಾಗಿಗೆ ಎಂಟು ಹೊಸ ಕಾಮೆಂಟು. ಎಲ್ಲ ಬೇರೆ ಊರಿನ ಟೀಚರುಗಳದು. (ಜೂನ್‌ನಲ್ಲಿ ಪೋಷಕರ ಸಭೆಯಲ್ಲಿ ಬ್ಲಾಗಿನ ವಿಳಾಸ ಚೀಟಿ ಮಾಡಿ ಹಂಚಿದ್ದೆ. ಒಬ್ಬರೂ ಓದಿದಂತಿಲ್ಲ. ಹಿತ್ತಲ ಗಿಡ ಮದ್ದಲ್ಲ.) ಏಳನೇ ಕ್ಲಾಸಿನ ಫಾರ್ಮ್ ಎಲ್ಲರಿಗೂ ಹಿಡಿಸಿದೆ. ದೊಡ್ಡ ವಿಷಯವೇನಲ್ಲ — ವಿಜ್ಞಾನದ ಪೀರಿಯಡ್ ಮುಗಿಯುವ ಮೊದಲು ಮಕ್ಕಳು ಟ್ಯಾಬ್‌ನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಯಬೇಕು. "ಇವತ್ತು ಅರ್ಥವಾಗದ್ದು ಏನು?" ಹೆಸರು ಹಾಕುವಂತಿಲ್ಲ. ಕೈ ಎತ್ತಲು ನಾಚುವ ಮಕ್ಕಳೂ ಧಾರಾಳವಾಗಿ ಬರೆಯುತ್ತವೆ. ಎಲ್ಲ ಉತ್ತರವೂ ನನ್ನ ಶೀಟ್‌ಗೆ ಬಂದು ಬೀಳುತ್ತದೆ. "ನಿಮ್ಮ ಹೆಸರು ನನಗೂ ಕಾಣೋಲ್ಲ" ಎಂದು ಮೊದಲ ದಿನವೇ ಹೇಳಿದ್ದೇನೆ.

ಕಾಣುತ್ತದೆ. ಮೊದಲ ವಾರ ಯಾರೋ ಕೆಟ್ಟ ಮಾತು ಬರೆದಿದ್ದಕ್ಕೆ ಲಾಗಿನ್ ದಾಖಲಾಗುವಂತೆ ಮಾಡಿದೆ. ಆಮೇಲೆ ತೆಗೆಯಲಿಲ್ಲ. ಮೂರನೇ ಕಾಲಂನಲ್ಲಿದೆ, ಹೈಡ್ ಮಾಡಿಟ್ಟಿದ್ದೇನೆ. ಡೈರಿಗೂ ಸುಳ್ಳು ಹೇಳಿದರೆ ನಿಜ ಹೇಳುವುದಕ್ಕೆ ಇನ್ನ್ಯಾರಿದ್ದಾರೆ.

ಆಗಸ್ಟ್ 7, ಗುರುವಾರ. ಸ್ಟಾಫ್ ರೂಮ್, ಮಧ್ಯಾಹ್ನ 3:30

ಇವತ್ತು ಜಲಚಕ್ರ. ಆವಿ, ಮೋಡ, ಮಳೆ. ಹೋದ ನೀರು ವಾಪಸ್ ಬಂದೇ ಬರುತ್ತದೆ ಎಂದು ಬೋರ್ಡ್ ಮೇಲೆ ಬಾಣ ಹಾಕಿ ತೋರಿಸಿದೆ. ಫಾರ್ಮ್‌ನಲ್ಲಿ ಎಂದಿನ ಹಾಗೆ — "ಮೋಡ ಯಾಕೆ ಬೀಳಲ್ಲ", "ಏನೂ ಇಲ್ಲ ಮಿಸ್", "ಬೆಲ್ ಯಾವಾಗ". ಹದಿನೇಳನೇ ಸಾಲು ಇದು. ಹಾಗೇ ನಕಲು ಮಾಡುತ್ತಿದ್ದೇನೆ:

"ನೀರು ವಾಪಸ್ ಬರುತ್ತೆ ಅಂದ್ರಿ. ಅಮ್ಮ ಹೋಗಿ ನಲವತ್ತು ದಿನ ಆಯ್ತು. ಅಜ್ಜಿಗೆ ಹುಷಾರಿಲ್ಲ, ನೋಡ್ಕೊಳ್ಳೋಕೆ ಹೋಗಿದಾರೆ ಅಂತ ಎಲ್ಲರಿಗೂ ಸುಳ್ಳು ಹೇಳಿದೀನಿ. ಕನ್ನಡಕ ಮನೇಲೇ ಬಿಟ್ಟು ಹೋಗಿದಾರೆ. ಅದಿಲ್ಲದೆ ಅವರಿಗೆ ಬಸ್ಸಿನ ಬೋರ್ಡ್ ಓದೋಕಾಗಲ್ಲ. ಹೇಗೆ ವಾಪಸ್ ಬರ್ತಾರೆ ಅನ್ನೋದು ಅರ್ಥ ಆಗ್ಲಿಲ್ಲ."

ನೋಡಬಾರದು ಎಂದುಕೊಂಡೆ. ನೋಡಿದೆ. ಮೂರನೇ ಕಾಲಂ ತೆರೆದೆ.

ಎರಡು ಜಡೆ.

ಎರಡನೇ ಬೆಂಚಿನ ಕೊನೆಯಲ್ಲಿ ಕೂರುವ ಹುಡುಗಿಗೆ ಈ ಡೈರಿಯಲ್ಲಿ ಇದೇ ಹೆಸರು. ಅಪ್ಪ ಬಸ್ ಡ್ರೈವರ್. ಜುಲೈನಿಂದ ಅವಳ ಜಡೆ ಒಂದು ಮೇಲೆ, ಒಂದು ಕೆಳಗೆ. ತಮಾಷೆ ಮಾಡಿದ್ದೆ ನಾನೇ — "ಏನಮ್ಮಾ, ಎಡಗಡೆ ಜಡೆಗೆ ರಜೆನಾ?" ಇಡೀ ಕ್ಲಾಸು ನಕ್ಕಿತ್ತು. ಅವಳೂ ನಕ್ಕಿದ್ದಳು.

ಆಗಸ್ಟ್ 8, ಶುಕ್ರವಾರ. ರಾತ್ರಿ ಊಟದ ಮೊದಲು

ಮಾತಾಡಿಸಲು ಆಗಲಿಲ್ಲ. ಎರಡು ಸಲ ಅವಳ ಬೆಂಚಿನ ತನಕ ಹೋಗಿ ಬಂದೆ. ಏನಂತ ಕೇಳುವುದು? ಕೇಳಿದರೆ, ನನಗೆ ಹೆಸರು ಕಾಣುತ್ತದೆ ಎಂದು ಒಪ್ಪಿಕೊಂಡಂತೆ. ಆಮೇಲೆ ಯಾವ ಮಗು ಏನನ್ನು ಬರೆಯುತ್ತದೆ? ಬಿಸಿ ತುಪ್ಪ — ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅತ್ತೆಯನ್ನು ಕೇಳಿದೆ, ಯಾರು ಎಂದು ಹೇಳದೆ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧ ಗುಟ್ಟು ಅವರ ಕಿವಿಯಲ್ಲೇ ಹಾದು ಹೋಗಿದೆ.

"ಕೇಳಿಸಿಕೊಂಡಿದ್ದನ್ನ ಹೇಳ್ಕೊಂಡು ತಿರುಗಬಾರದು ಕಣೆ" ಎಂದರು. "ಆದ್ರೆ ಡಾಕ್ಟರು ಬೇಕಾದ ಮನೆ ಅಂತ ಗೊತ್ತಾದ ಮೇಲೆ ಸುಮ್ನೆ ಕೂತಿರೋಕೂ ಆಗಲ್ಲ. ಲೈನ್ ಹಾಕಿಕೊಡ್ತಿದ್ವಿ. ಲೈನ್ ಹಾಕೋದು ನಮ್ಮ ಕೆಲಸ, ಮಾತಾಡೋದು ಅವರ ಕೆಲಸ. ಅಷ್ಟೆ."

ಎಷ್ಟು ಸುಲಭ, ಹೇಳುವುದಕ್ಕೆ.

ಆಗಸ್ಟ್ 10, ಭಾನುವಾರ

ಬರೆದು ಹಾಕಿಬಿಟ್ಟೆ. ಅವಳ ಜೊತೆ ಆಡಲಾಗದ ಮಾತನ್ನು ಬ್ಲಾಗಿನ ಜೊತೆ ಆಡಿದೆ. "ಹೆಸರಿಲ್ಲದ ಕೈ ಎತ್ತಿದಾಗ" ಎಂಬ ಶೀರ್ಷಿಕೆ. ಹುಡುಗಿ ಎಂದು ಬರೆಯಲಿಲ್ಲ, "ಒಂದು ಮಗು" ಅಷ್ಟೆ. ಕನ್ನಡಕದ ಸಾಲು ಮಾತ್ರ ಇದ್ದಂತೆಯೇ ಹಾಕಿದೆ. ಅದನ್ನು ತೆಗೆದರೆ ಉಳಿಯುವುದೇನು... ಕೊನೆಯಲ್ಲಿ ಎಂದಿನ ಹಾಗೆ ಫಾರ್ಮಿನ ಲಿಂಕು, ಶೀಟಿನ ಲಿಂಕು: "ಬೇಕಾದವರು ಕಾಪಿ ಮಾಡಿಕೊಳ್ಳಿ."

ಬರೆದು ಮುಗಿಸಿ ಅತ್ತುಬಿಟ್ಟೆ. ಹಗುರಾಯಿತು.

ಆಗಸ್ಟ್ 13, ಬುಧವಾರ

ನೂರ ನಲವತ್ತು ಕಾಮೆಂಟು! ನನ್ನ ಬ್ಲಾಗಿಗೆ! ಓದುತ್ತಾ ಕೂತರೆ ಕಾಪಿ ತಿದ್ದುವವರು ಯಾರು? ಒಂದು ಸಾಲು ಮಾಡಿಟ್ಟುಕೊಂಡು ಎಲ್ಲದರ ಕೆಳಗೂ ಪೇಸ್ಟ್ ಮಾಡುತ್ತಿದ್ದೇನೆ — "ನಿಮ್ಮ ಪ್ರೀತಿಗೆ ಧನ್ಯವಾದಗಳು. ಹೀಗೇ ಓದುತ್ತಿರಿ." ಟೀಚರುಗಳ ಸಮ್ಮೇಳನದವರು ಫೋನ್ ಮಾಡಿದ್ದರು. ಅಕ್ಟೋಬರ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಬೇಕಂತೆ. ವೇದಿಕೆ, ಮೈಕು ಎಲ್ಲ. ಹೆಡ್ಮಿಸ್ ಅಸೆಂಬ್ಲಿಯಲ್ಲಿ ಹೇಳಿಬಿಟ್ಟರು, ಬ್ಲಾಗಿನ ಹೆಸರಿನ ಸಮೇತ. ಮಕ್ಕಳು ಚಪ್ಪಾಳೆ ಹೊಡೆದವು.

ಲ್ಯಾಬಿನಲ್ಲಿ ಏಳನೇ ಕ್ಲಾಸಿಗೆ ಶೀಟ್ ಪಾಠ. ಕಾಲಂ ಹೈಡ್ ಮಾಡುವುದು, ಅನ್‌ಹೈಡ್ ಮಾಡುವುದು. ಮಾಯವಾದ ಅಂಕಗಳು ಮತ್ತೆ ಬಂದಾಗ "ಹೋ" ಎಂದು ಕೂಗಿದವು. ಎರಡು ಜಡೆಯೂ ಕೂಗಿದಳು ಅನ್ನಿಸಿತು. ಸಮಾಧಾನ.

ಆಗಸ್ಟ್ 19, ಮಂಗಳವಾರ

ಬ್ಲಾಗಿನ ಓದುಗರ ಲೆಕ್ಕ ತೋರಿಸುವ ಪುಟ ನೋಡಿದೆ. ಇವತ್ತು ಎರಡರಿಂದ ಮೂರರ ನಡುವೆ ನಮ್ಮ ಊರಿನಿಂದಲೇ ಮೂವತ್ತೆಂಟು ಜನ ಬ್ಲಾಗ್ ಓದಿದ್ದಾರೆ! ಇಷ್ಟು ದಿನ ನಮ್ಮೂರಿಂದ ನಾನೊಬ್ಬಳೇ. ಹಿತ್ತಲ ಗಿಡವೂ ಮದ್ದಾಯಿತು ಅಂತೂ. ಯಜಮಾನರಿಗೆ ಫೋನ್ ಮಾಡಿ ಹೇಳಿದೆ. "ಅಟ್ಟ ಹತ್ತಿದ್ದೀಯ, ಏಣಿ ಇದೆಯೋ ಇಲ್ಲವೋ ನೋಡಿಕೋ" ಎಂದರು. ಹೊಟ್ಟೆಕಿಚ್ಚು.

ಆಗಸ್ಟ್ 21, ಗುರುವಾರ. ಸಂಜೆ 4:20

ಏನಿದು. ಏನಿದು ದೇವರೇ.

ಮೂರನೇ ಪೀರಿಯಡ್. ಒಳಗೆ ಹೋದಾಗ ಕ್ಲಾಸು ಎಂದೂ ಇಲ್ಲದಷ್ಟು ಸುಮ್ಮನಿತ್ತು. ಎರಡು ಜಡೆ ತನ್ನ ಬೆಂಚಿನ ಮೇಲೆ ಎರಡೂ ಕೈ ಹರಡಿ, ಮೈ ಬಗ್ಗಿಸಿ ಕೂತಿದ್ದಾಳೆ. ಏನನ್ನೋ ಮುಚ್ಚಿಕೊಂಡ ಹಾಗೆ. "ಕೈ ತೆಗಿಯಮ್ಮ" ಎಂದೆ. ತೆಗೆಯಲಿಲ್ಲ. ನಾನೇ ಮೆಲ್ಲಗೆ ಎತ್ತಿದೆ.

ಕೈವಾರದ ಮೊನೆಯಲ್ಲಿ ಮರವನ್ನು ಕೊರೆದು ಬಿಡಿಸಿದ ಕನ್ನಡಕ. ಕೆಳಗೆ, "ಬಸ್ ನಂಬರ್ ಎಷ್ಟು?"

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಅವಳು ಬ್ಯಾಗ್ ತೆಗೆದುಕೊಂಡು ನನ್ನ ಪಕ್ಕದಿಂದಲೇ ಹೊರಗೆ ಹೋದಳು. ಓಡಲಿಲ್ಲ. ನಡೆದು ಹೋದಳು.

ಬ್ಲಾಗಿನಲ್ಲಿ ಕನ್ನಡಕ ಇದೆ, ಸರಿ. ಮಕ್ಕಳು ಓದಿದರು ಎಂದೇ ಇಟ್ಟುಕೊಳ್ಳೋಣ. ಆದರೆ ಅವಳದು ಎಂದು ಹೇಗೆ ಗೊತ್ತಾಯಿತು? ಹೆಸರು ಗೊತ್ತಿದ್ದದ್ದು ನನಗೊಬ್ಬಳಿಗೆ. ಮತ್ತೆ... ಶಾಲೆಯ ಅಷ್ಟೂ ಅಕೌಂಟಿನ ಪಾಸ್‌ವರ್ಡ್ ಇರುವುದು ಇನ್ನೊಬ್ಬರ ಹತ್ತಿರ.

ಆಗಸ್ಟ್ 22, ಶುಕ್ರವಾರ

ಹೇಳಿಬಿಟ್ಟೆ. ಎಲ್ಲರೆದುರು, ಸ್ಟಾಫ್ ರೂಮಿನಲ್ಲಿ.

"ನನ್ನ ಶೀಟು ತೆಗೆದು ನೋಡಿದ್ದೀರಾ ಸರ್? ಮಕ್ಕಳ ಮುಂದೆ ಬಾಯಿ ಬಿಟ್ಟಿದ್ದೀರಾ?"

ಪ್ಲಗ್ ಸರ್ ಚಹಾ ಲೋಟ ಮೇಜಿನ ಮೇಲಿಟ್ಟರು. "ನಾನಾ?" ಎಂದರು. ಅಷ್ಟೆ. ವಾದಿಸಲಿಲ್ಲ. ವಾದಿಸದಿದ್ದದ್ದನ್ನೇ ಸಾಕ್ಷಿ ಎಂದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ ಅಂತಾರಲ್ಲ, ಇವರು ಅದನ್ನೂ ಮಾಡಲಿಲ್ಲ. ಹೆಡ್ಮಿಸ್ ಅವರಿಂದ ಲ್ಯಾಬಿನ ಬೀಗದ ಕೈ ತೆಗೆದುಕೊಂಡರು. ವಿಚಾರಣೆ ಮುಗಿಯುವ ತನಕ ಸ್ಟೋರ್ ರೂಮಿನಲ್ಲಿ ಕೆಲಸ. ಹೆಂಡತಿಗೆ ಏನು ಹೇಳುತ್ತಾರೋ.

ಎರಡು ಜಡೆ ಬಂದಿಲ್ಲ.

ಆಗಸ್ಟ್ 27, ಬುಧವಾರ. ಮಧ್ಯಾಹ್ನ 1:15. ಲೇಡೀಸ್ ಟಾಯ್ಲೆಟ್, ಬಾಗಿಲು ಹಾಕಿಕೊಂಡು

ನಾನು. ನಾನೇ.

ಕ್ರಮವಾಗಿ ಬರೆಯಬೇಕು.

ಊಟದ ಬಿಡುವಿನಲ್ಲಿ ಪ್ಲಗ್ ಸರ್ ಸ್ಟೋರ್ ರೂಮಿನ ಬಾಗಿಲಿಗೆ ಬಂದು ಕರೆದರು. "ಮಿಸ್, ಒಂದೇ ಒಂದು ಕೆಲಸ ಮಾಡಿ. ನಿಮ್ಮ ಲಾಗಿನ್‌ನಿಂದ ಹೊರಗೆ ಬನ್ನಿ. ಯಾರೋ ಹೊರಗಿನವರ ಹಾಗೆ ನಿಮ್ಮ ಬ್ಲಾಗಿನ ಲಿಂಕು ಒತ್ತಿ ನೋಡಿ."

"ಪ್ಲಗ್ ತೆಗೆದು ಹಾಕೋ ಹಾಗಾ?" ಎಂದೆ, ಕುಹಕದಿಂದ.

"ಹೂಂ. ಹಾಗೇ."

ಅಲ್ಲಿ ಬಿದ್ದಿದ್ದ ಹಳೇ ಕಂಪ್ಯೂಟರಿನಲ್ಲಿ ಒತ್ತಿದೆ. ಶೀಟ್ ತೆರೆಯಿತು. ಹಾಕಿದ್ದೇನೆ ಎಂದುಕೊಂಡಿದ್ದ ಖಾಲಿ ಮಾದರಿ ಶೀಟಲ್ಲ. ನನ್ನ ಶೀಟು. ಜೀವಂತ ಶೀಟು, ಏಳನೇ ಕ್ಲಾಸಿನ ಅಷ್ಟೂ ಉತ್ತರ. "ಕಾಪಿ ಮಾಡಿ" ಎಂದರು. ಮಾಡಿದೆ. "ಈಗ ಅನ್‌ಹೈಡ್ ಮಾಡಿ." ಮಾಡಿದೆ.

ಮೂರನೇ ಕಾಲಂ. ಮೇಲಿಂದ ಕೆಳಗಿನ ತನಕ ಹೆಸರು, ಹೆಸರು, ಹೆಸರು.

ಅಳಿಸಿರಲಿಲ್ಲ. ಮುಚ್ಚಿದ್ದೆ ಅಷ್ಟೆ. ಮುಚ್ಚಿದ್ದನ್ನು ತೆರೆಯುವುದು ಹೇಗೆ ಎಂದು ಹದಿಮೂರನೇ ತಾರೀಕು ಅದೇ ಮಕ್ಕಳಿಗೆ ನಾನೇ ಕಲಿಸಿದೆ. ಬ್ಲಾಗಿನ ಹೆಸರು ಅಸೆಂಬ್ಲಿಯಲ್ಲಿ ಕೇಳಿಸಿಕೊಂಡು ಹತ್ತೊಂಬತ್ತನೇ ತಾರೀಕು ಓದಿವೆ. ಮಂಗಳವಾರ ಎರಡರಿಂದ ಮೂರು ಏಳನೇ ಕ್ಲಾಸಿನ ಲ್ಯಾಬ್ ಪೀರಿಯಡ್. ಕ್ಲಾಸಿನಲ್ಲಿ ಅವಳೂ ಸೇರಿ ಮೂವತ್ತೊಂಬತ್ತು ಮಕ್ಕಳು. ಮೂವತ್ತೆಂಟು ಓದುಗರು! ಯಜಮಾನರಿಗೆ ಫೋನ್ ಮಾಡಿ ಹೇಳಿದೆನಲ್ಲ!

ಆ ಹೊತ್ತಿಗೆ ನಾನು ಸ್ಟಾಫ್ ರೂಮಿನಲ್ಲಿ ಕೂತು "ನಿಮ್ಮ ಪ್ರೀತಿಗೆ ಧನ್ಯವಾದಗಳು" ಪೇಸ್ಟ್ ಮಾಡುತ್ತಿದ್ದೆ.

"ಶುಕ್ರವಾರವೇ ಯಾಕೆ ಹೇಳಲಿಲ್ಲ ಸರ್?"

"ಅವತ್ತು ನನಗೂ ಗೊತ್ತಿರಲಿಲ್ಲ ಮಿಸ್. ಇಲ್ಲಿ ಕೂತು ಬೇರೆ ಕೆಲಸ ಇರಲಿಲ್ಲ, ಹುಡುಕಿದೆ." ಆಮೇಲೆ, ನನ್ನ ಮುಖ ನೋಡದೆ, "ನೀರು ಕುಡೀತೀರಾ?"

ಲಿಂಕ್ ಮುಚ್ಚಿದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು.

ಆಗಸ್ಟ್ 28, ಗುರುವಾರ

ಸ್ಟಾಫ್ ರೂಮಿನಲ್ಲಿ, ಅದೇ ಜಾಗದಲ್ಲಿ ನಿಂತು ಹೇಳಿದೆ. ತಪ್ಪು ನನ್ನದು, ಪ್ಲಗ್ ಸರ್‌ದಲ್ಲ. ಗಣಿತದ ಮಿಸ್ ಕನ್ನಡಿಯಲ್ಲಿ ಬೈತಲೆ ಸರಿ ಮಾಡಿಕೊಂಡರು. ಹೆಡ್ಮಿಸ್ ಬೀಗದ ಕೈ ವಾಪಸ್ ಕೊಟ್ಟರು. ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಸೋಮವಾರ ನಾಲ್ಕು ಗಂಟೆ ಒಳಗೆ ಬ್ಲಾಗ್ ಪೂರ್ತಿ ತೆಗೆದುಬಿಡಿ. ಒಂದಕ್ಷರ ಉಳಿಯಬಾರದು. ಹುಡುಗಿ ಮನೆಯವರು ಗಲಾಟೆ ಮಾಡಿಲ್ಲ, ನಾವಾಗಿ ಕೆದಕೋದು ಬೇಡ."

ಏಳನೇ ಕ್ಲಾಸಿಗೆ ಹೋಗಿ ನಿಂತೆ. "ಹೆಸರು ಕಾಣೋಲ್ಲ ಅಂದಿದ್ದೆ. ಸುಳ್ಳು ಹೇಳಿದ್ದೆ" ಎಂದೆ. ಯಾರೂ ಕಿಸಕ್ಕೆನ್ನಲಿಲ್ಲ. ಮುಂದಿನ ಬೆಂಚಿನ ಗುಂಗುರು ಕೂದಲಿನವಳು ಎದ್ದಳು.

"ಅವಳ ಬೆಂಚ್ ಮೇಲೆ ಬರೆದಿದ್ದು ನಾನು ಮಿಸ್. ಆಮೇಲೆ ಅಳಿಸೋಕೆ ನೋಡಿದೆ. ಕೊರೆದಿದ್ದು ಹೋಗಲ್ಲ."

ಬೈಯಲು ಬಾಯಿ ತೆರೆದೆ. ಯಾವ ಬಾಯಲ್ಲಿ ಬೈಯಲಿ?

ಆಗಸ್ಟ್ 30, ಶನಿವಾರ. ಸಂಜೆ

ಅವರ ಮನೆಗೆ ಹೋಗಿದ್ದೆ. ಬಸ್ ಡಿಪೋ ಹಿಂದಿನ ಸಾಲು ಮನೆ, ಎರಡನೇ ಮಹಡಿ. ಬಾಗಿಲು ತೆಗೆದವಳನ್ನು ಗುರುತು ಹಿಡಿಯಲಿಲ್ಲ. ಕಿವಿಯ ತನಕ ಕತ್ತರಿಸಿದ ಕೂದಲು.

ಜಡೆ ಇಲ್ಲ. ಎರಡೂ ಇಲ್ಲ.

ಅವಳಪ್ಪ ಡ್ಯೂಟಿಯ ಖಾಕಿಯಲ್ಲೇ ಇದ್ದರು. ನನ್ನ ದೃಷ್ಟಿ ಎಲ್ಲಿ ನಿಂತಿದೆ ಎಂದು ಅವರಿಗೆ ತಿಳಿಯಿತು. "ಮೂವತ್ತಾರು ಸೀಟಿನ ಬಸ್ ತಿರುಗಿಸ್ತೀನಿ ಮಿಸ್. ಎರಡು ಜಡೆ ಸಮ ಮಾಡೋಕಾಗಲಿಲ್ಲ. ಬೆಳಗ್ಗೆ ಐದಕ್ಕೆ ಡ್ಯೂಟಿ... ಕಟ್ ಮಾಡಿಸಿಬಿಟ್ಟೆ." ನಗಲು ನೋಡಿದರು.

ಎಲ್ಲ ಹೇಳಿದೆ. ಶೀಟು, ಲಿಂಕು, ಕಾಲಂ, ಬ್ಲಾಗು. ಅವರು ಬೈಯುತ್ತಾರೆ ಎಂದು ಕಾದೆ. ತಲೆ ತಗ್ಗಿಸಿ ಕೂತರು. ಗೋಡೆಯ ಗೂಡಿನಲ್ಲಿ ಕನ್ನಡಕ ಇತ್ತು. ಒಂದು ಕಡೆ ದಾರ ಸುತ್ತಿದೆ. ಜೂನ್‌ನ ಸಭೆಯಲ್ಲಿ ಅದನ್ನು ಹಾಕಿಕೊಂಡು ಬ್ಲಾಗಿನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದ ಹೆಂಗಸು ನೆನಪಾದರು. ಮಡಿಸಿ ಪರ್ಸಿನಲ್ಲಿಟ್ಟುಕೊಂಡಿದ್ದರು. ಆಗ ಖುಷಿಯಾಗಿತ್ತು ನನಗೆ.

ಕೊನೆಗೆ ಹುಡುಗಿಯೇ ಕೇಳಿದಳು.

"ನಿಮಗೆ ಅವತ್ತೇ ಗೊತ್ತಾಯ್ತಾ ಮಿಸ್? ನಾನು ಬರೆದ ದಿನವೇ?"

"ಹೂಂ."

"ನಾನೇ ಅಂತ?"

"ಹೂಂ."

"ಅವರೆಲ್ಲ ನಕ್ಕಿದ್ದಕ್ಕೆ ನಾನು ಶಾಲೆ ಬಿಟ್ಟಿದ್ದಲ್ಲ" ಎಂದಳು. "ಗೊತ್ತಿದ್ದೂ ನೀವು ಏನೂ ಕೇಳಲಿಲ್ಲ. ಹದಿನಾಲ್ಕು ದಿನ. ನಾನು ದಿನಾ ನೋಡ್ತಿದ್ದೆ, ಇವತ್ತು ಕೇಳ್ತಾರೇನೋ ಅಂತ."

ಇವಳು ಬರೆದದ್ದೇ ನಾನು ತಿಳಿದುಕೊಳ್ಳಲಿ ಎಂದು. ಹೆಸರು ಕಾಣುತ್ತದೇನೋ ಎಂಬ ಆಸೆಯಿಂದ. ನನ್ನ ಸುಳ್ಳನ್ನು ನಂಬದೆ ಇದ್ದವಳು ಕ್ಲಾಸಿನಲ್ಲಿ ಇವಳೊಬ್ಬಳೇ.



ಸೆಪ್ಟೆಂಬರ್ 1, ಸೋಮವಾರ. ಸ್ಟಾಫ್ ರೂಮ್, ಮಧ್ಯಾಹ್ನ 2:50

ಅವಳು ಇವತ್ತೂ ಬಂದಿಲ್ಲ. ಬ್ಲಾಗ್ ಅಳಿಸಲು ಕೂತಿದ್ದೇನೆ. ಸಮ್ಮೇಳನದವರಿಗೆ ಬರುವುದಿಲ್ಲ ಎಂದು ಬರೆದಾಯಿತು. ಅದೇನು ಅಂಥ ನೋವಾಗಲಿಲ್ಲ, ವಿಚಿತ್ರ.

ಆರು ವರ್ಷದ ಬರಹ. ಅಳಿಸುವ ಮೊದಲು ಒಂದು ಸಲ ಕಾಮೆಂಟುಗಳನ್ನಾದರೂ ಓದೋಣ ಎನ್ನಿಸಿತು. ಆ ಕೊನೆಯ ಪೋಸ್ಟಿನದು ಒಂದನ್ನೂ ಓದಿರಲಿಲ್ಲವಲ್ಲ. "ಕಣ್ಣು ತುಂಬಿ ಬಂತು", "ನಮ್ಮ ಶಾಲೆಯಲ್ಲೂ ಮಾಡುತ್ತೇವೆ"...

3:05

ತೊಂಬತ್ತೊಂದನೆಯದು. ಆಗಸ್ಟ್ 11ರದು. ಹೆಸರಿಲ್ಲ.

"ಟೀಚರ್, ಆ ಮಗುವಿಗೆ ಎರಡು ಜಡೆ ಈಗ ಯಾರು ಹಾಕುತ್ತಾರೆ? ಎಡಗಡೆಯದು ಬಿಗಿಯಾಗಿ ಹಾಕಬೇಕು, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ಬೇರೆ ಕನ್ನಡಕ ಮಾಡಿಸಿಕೊಂಡಿದ್ದಾರೆ ಅಂತ ಹೇಳಿ. ಬಸ್ ಬೋರ್ಡ್ ಕಾಣುತ್ತದೆ. ಅವಳಿಗೆ ನಾನು ಬರುವುದು ಬೇಕಾ, ಕೇಳಿ ಹೇಳುತ್ತೀರಾ?"

ಜಡೆಯ ವಿಷಯ ನಾನು ಬರೆದಿರಲಿಲ್ಲ. ಹುಡುಗಿ ಎಂದೂ ಬರೆದಿರಲಿಲ್ಲ.

ಅದರ ಕೆಳಗೆ, ನನ್ನ ಉತ್ತರ:

"ನಿಮ್ಮ ಪ್ರೀತಿಗೆ ಧನ್ಯವಾದಗಳು. ಹೀಗೇ ಓದುತ್ತಿರಿ."

3:12

ಓದುತ್ತಿದ್ದಾರೆ. ನಾನು ಹೇಳಿದ ಹಾಗೇ. ಆಗಸ್ಟ್ 16, "ಟೀಚರ್, ಕೇಳಿದಿರಾ?" ಕೆಳಗೆ ಧನ್ಯವಾದ. ಆಗಸ್ಟ್ 24, "ನಿಮಗೆ ತುಂಬಾ ಕೆಲಸ ಇರಬಹುದು." ಇದರ ಕೆಳಗೆ ಏನೂ ಇಲ್ಲ. ಅಷ್ಟು ಹೊತ್ತಿಗೆ ನಾನು ಪೇಸ್ಟ್ ಮಾಡುವುದನ್ನೂ ಬಿಟ್ಟಿದ್ದೆ.

ನಾಲ್ಕು ಗಂಟೆಗೆ ಇದು ಅಳಿಯಬೇಕು. ಅಳಿದರೆ ಆ ತಾಯಿಗೆ ಬೇರೆ ದಾರಿ ಇದೆಯೋ ಇಲ್ಲವೋ, ಯಾರಿಗೆ ಗೊತ್ತು.

4:40. ಮನೆಯಲ್ಲಿ

ಹೆಡ್ಮಿಸ್ ಹತ್ತಿರ ಹೋದೆ. "ಆ ಪೋಸ್ಟು ಈಗಲೇ ಹೊರಗಿನವರಿಗೆ ಕಾಣದ ಹಾಗೆ ಮಾಡ್ತೀನಿ. ಆದ್ರೆ ಇವತ್ತು ಅಳಿಸಲ್ಲ ಮೇಡಂ. ಬೇಕಾದ್ರೆ ಮೆಮೋ ಕೊಡಿ." ಅವರು ಬಾಯಿ ತೆರೆಯುವ ಮೊದಲೇ ಹೊರಗೆ ಬಂದೆ. ಪ್ಲಗ್ ಸರ್ ಎರಡೇ ನಿಮಿಷದಲ್ಲಿ ದಾರಿ ಹುಡುಕಿದರು. ಪೋಸ್ಟು ಯಾರಿಗೂ ಕಾಣುವುದಿಲ್ಲ, ಕಾಮೆಂಟಿಗೆ ಉತ್ತರ ಬರೆದರೆ ಅದನ್ನು ಹಾಕುವಾಗ ಅವರು ಕೊಟ್ಟಿದ್ದ ಮೇಲ್‌ಗೆ ಮಾತ್ರ ಹೋಗುತ್ತದೆ. ಮೂರು ಸಲ ಪರೀಕ್ಷೆ ಮಾಡಿಸಿದೆ, ಲಾಗಿನ್‌ನಿಂದ ಹೊರಗೆ ಬಂದು.

ಅವಳಪ್ಪನಿಗೆ ಫೋನ್ ಮಾಡಿದೆ. ಓದಿ ಹೇಳಿದೆ. ಡಿಪೋದ ಹಾರನ್ನುಗಳ ನಡುವೆ ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ, "ನನ್ನ ಕೇಳಬೇಡಿ ಮಿಸ್. ಅವಳನ್ನ ಕೇಳಿ. ಬನ್ನಿ."

ಲ್ಯಾಪ್‌ಟಾಪ್ ಎತ್ತಿಕೊಳ್ಳಲು ಮನೆಗೆ ಬಂದಾಗ ಅತ್ತೆ ಕೇಳಿದರು, "ಇಷ್ಟು ಹೊತ್ತಲ್ಲಿ ಎಲ್ಲಿಗೆ?"

"ಲೈನ್ ಹಾಕೋಕೆ" ಎಂದೆ.

5:15. ಅವರ ಮನೆಯ ಮೆಟ್ಟಿಲ ಮೇಲೆ ಕೂತು

ಒಳಗೆ ಓದಿದಳು. ಒಂದು ಸಲ. ಮತ್ತೊಂದು ಸಲ. ಅಳಲಿಲ್ಲ. ಕೈ ಎತ್ತಿ ಎಡಗಿವಿಯ ಹಿಂದೆ ಮುಟ್ಟಿಕೊಂಡಳು, ಜಡೆ ಇದ್ದ ಜಾಗ.

ಉತ್ತರ ಬರೆಯುವ ಜಾಗ ತೋರಿಸಿ ಎದ್ದು ಬಂದೆ. ಈ ಸಲ ನೋಡುವುದಿಲ್ಲ. ಅವಳಪ್ಪನೂ ಹೊರಗೆ ಬಂದು ಎರಡು ಮೆಟ್ಟಿಲು ಕೆಳಗೆ ಕೂತಿದ್ದಾರೆ, ಟೋಪಿ ಮಂಡಿಯ ಮೇಲೆ.

ಕೀ ಒತ್ತುವ ಸದ್ದು. ಒಂದೊಂದೇ ಅಕ್ಷರ. ನಿಂತಿತು. ಬೇಕು ಎನ್ನುತ್ತಾಳೋ, ಬೇಡ ಎನ್ನುತ್ತಾಳೋ. ಮತ್ತೆ ಶುರು. ಉದ್ದಕ್ಕೆ ಬರೆಯುತ್ತಿದ್ದಾಳೆ... ಮತ್ತೆ ನಿಂತಿತು.

ಕರೆಯುತ್ತಿದ್ದಾಳೆ.

"ಮಿಸ್, ಇದರಲ್ಲಿ ನನ್ನ ಹೆಸರು ಹಾಕ್ಲಾ?"

ನಾನು ಕೂತಲ್ಲಿಂದಲೇ ಹೇಳಿದೆ, "ಹಾಕಮ್ಮ, ನಿನ್ನ ಅಮ್ಮನಿಗೆ ಮಾತ್ರ ಹೋಗುತ್ತೆ."